ಬಾಗಿದ ಕೊಳವೆಯ ಒಳಬಲ

ಎಂಜಿನ್ನಿನಿಂದ ಹೊರಟ ಹೊಗೆಯು ಹಿಂದಿನ ಆಕ್ಸಲನ್ನೂ ಪೆಟ್ರೋಲ್ ಟ್ಯಾಂಕನ್ನೂ ಬಳಸಿಕೊಂಡು ಕಾರಿನ ಹಿಂತುದಿಯನ್ನು ಸೇರಬೇಕಾಗಿರುವುದರಿಂದ, ನೆಟ್ಟನೆಯ ಕೊಳವೆಯನ್ನು ಬಗ್ಗಿಸುವ ವಿದ್ಯೆ ಮೋಟಾರಿಗೆ ಅನಿವಾರ್ಯವಾಯಿತು. ಆದರೆ ಆ ವಿದ್ಯೆಯು ಮೋಟಾರಿಗಿಂತ ಬಹು ಪ್ರಾಚೀನವಾದುದು. ಹಿತ್ತಾಳೆಯ ಕಹಳೆಗಳನ್ನು ನಿರ್ಮಿಸುತ್ತಿದ್ದ ಐರೋಪ್ಯ ಕುಶಲಿಗಳು ಸೀಸವನ್ನೋ ರಾಳವನ್ನೋ ಕರಗಿಸಿ ಕೊಳವೆಯೊಳಗೆ ಹೊಯ್ದು, ಅದು ಗಟ್ಟಿಯಾದ ಬಳಿಕ ಬಗ್ಗಿಸಿ, ಮರಳಿ ಕಾಯಿಸಿ ಹೊರಕ್ಕೆ ಹರಿಸುತ್ತಿದ್ದರು. ಉಕ್ಕಿಗೆ ಕೈಯಿಕ್ಕಿದವರು ಆ ಸ್ಥಾನದಲ್ಲಿ ಮರಳನ್ನು ತುಂಬಿದರು. ಲೇಶಮಾತ್ರ ತೇವವಿದ್ದರೂ ಕಾವಿಗೆ ಹಬೆಯೆದ್ದು ತುದಿಯ ಬೆಣೆ ಸಿಡಿಯುವ ಭಯವಿದ್ದುದರಿಂದ ಮರಳನ್ನು ಹುರಿದು ಒಣಗಿಸಿ, ಕೊಳವೆಯನ್ನು ತಟ್ಟಿತಟ್ಟಿ ಒಳಗೆ ಎಡೆಯುಳಿಯದಂತೆ ತುಂಬಿ, ಕೆಂಪಗೆ ಕಾದ ಮೇಲೆ ಮೆಲ್ಲಮೆಲ್ಲನೆ ಬಗ್ಗಿಸುವ ಈ ಕಾರ್ಯವು ಸಹನೆಯನ್ನು ಬೇಡುತ್ತಿತ್ತು. ತಿರುವಿನಲ್ಲಿ ಹೊರಮೈ ಹಿಗ್ಗಿ ತೆಳುವಾಗುತ್ತದೆ, ಒಳಮೈ ಕುಗ್ಗಿ ನಿರಿಗೆಗಟ್ಟುತ್ತದೆ. ಒಳಗೊಂದು ಆಧಾರವಿಲ್ಲದೆ ಕೊಳವೆಯ ದುಂಡುತನ ಉಳಿಯದೆಂಬುದನ್ನು ಆ ಕುಶಲಿಗಳು ಶಾಸ್ತ್ರವನ್ನೋದದೆಯೇ ಅರಿತಿದ್ದರು.

ಇನ್ನು ಮೋಟಾರಿನ ಹೊಗೆಕೊಳವೆಯ ಕಥೆಗೆ ಬರೋಣ. 1932ರಲ್ಲಿ ಫೋರ್ಡ್ ಸಂಸ್ಥೆಯು ಸಾಮಾನ್ಯರ ಕೈಗೆಟಕುವ ಬೆಲೆಗೆ ವಿ-8 ಎಂಜಿನ್ನನ್ನು ತಂದಿತಷ್ಟೆ. ದಕ್ಷಿಣ ಕ್ಯಾಲಿಫೋರ್ನಿಯದ ತರುಣರು ಅದನ್ನು ಹಗುರವಾದ ಹಳೆಯ ಕಾರುಗಳಿಗೆ ಜೋಡಿಸಿ, ಮೊಹಾವಿ ಮರುಭೂಮಿಯ ಮುರಾಕ್ ಎಂಬ ಒಣಸರೋವರದ ನೆಲದ ಮೇಲೆ ವೇಗಪರೀಕ್ಷೆಗೆ ತೊಡಗಿದರು. 1937ರಲ್ಲಿ ಅವರ ಸಂಘಗಳು ಒಂದುಗೂಡಿ ದಕ್ಷಿಣ ಕ್ಯಾಲಿಫೋರ್ನಿಯ ಟೈಮಿಂಗ್ ಅಸೋಸಿಯೇಷನ್ ಸ್ಥಾಪಿತವಾಯಿತು. ಊರಬೀದಿಯಲ್ಲಿ ಓಡುವ ಕಾರೇ ಸರೋವರದಲ್ಲಿಯೂ ಓಡಬೇಕಾಗಿದ್ದುದರಿಂದ, ಎಂಜಿನ್ನಿನ ಪಕ್ಕದಿಂದ ಹೊರಟ ಕೊಳವೆಯ ತುದಿಗೆ ಮುಚ್ಚಳವನ್ನಿಟ್ಟು, ಸರೋವರವನ್ನು ಮುಟ್ಟಿದಾಗ ಅದನ್ನು ಬಿಚ್ಚಿ, ಮನೆಗೆ ಹೊರಟಾಗ ಮುಚ್ಚಿ ಹೊಗೆಯನ್ನು ಸೈಲೆನ್ಸರಿನ ಮಾರ್ಗಕ್ಕೆ ತಿರುಗಿಸುವ ಪದ್ಧತಿ ಬಳಕೆಗೆ ಬಂದಿತು. ಮನೋಹರವಾದ ಯುಕ್ತಿಯದು.

ಯುದ್ಧಾನಂತರದ ಅಮೆರಿಕದಲ್ಲಿ ಅವಶ್ಯಕತೆಯೇ ಬದಲಾಯಿತು. ಹೊಗೆಯೊಳಗಣ ನೀರು ಮತ್ತು ಆಮ್ಲಗಳು ಒಳಗಿನಿಂದಲೂ, ಹಿಮ ಕರಗಿಸಲು ಚೆಲ್ಲಿದ ಉಪ್ಪು ಹೊರಗಿನಿಂದಲೂ ಉಕ್ಕನ್ನು ತಿನ್ನುತ್ತಿರಲು, ಸೈಲೆನ್ಸರನ್ನು ಬದಲಿಸುವುದೇ ಒಂದು ವೃತ್ತಿಯಾಗಿ, 1956ರಲ್ಲಿ ಜಾರ್ಜಿಯದ ಮೇಕನ್ ನಗರದಲ್ಲಿ ಮೈಡಾಸ್ ಸಂಸ್ಥೆಯ ಮೊದಲ ಅಂಗಡಿ ತೆರೆಯಿತು. ಪ್ರತಿಯೊಂದು ಮಾದರಿಯ ಕೊಳವೆಯನ್ನೂ ದಾಸ್ತಾನಿಡುವುದು ವರ್ತಕರಿಗೆ ಅಸಾಧ್ಯವಾಗಿದ್ದುದರಿಂದ, ನೆಟ್ಟನೆಯ ಕೊಳವೆಯನ್ನು ತಣ್ಣಗಿರುವಾಗಲೇ ತೈಲದ ಒತ್ತಡದಿಂದ ಬಗ್ಗಿಸುವ ಯಂತ್ರಗಳು ಮುಂದೆ ಇಂತಹ ಅಂಗಡಿಗಳಿಗೆ ಬಂದವು. ಯಾವ ದೂರದಲ್ಲಿ, ಎಷ್ಟು ಆಳಕ್ಕೆ ಒತ್ತಿ, ಎಷ್ಟು ತಿರುಗಿಸಬೇಕೆಂಬುದನ್ನು ಕಾರಿನ ಮಾದರಿಗೊಂದರಂತೆ ಮುದ್ರಿಸಿದ ಕಾರ್ಡುಗಳು ಹೇಳುತ್ತಿದ್ದವು. ವೇಗವೂ ಅಗ್ಗವೂ ಆದ ಈ ವಿಧಾನದಲ್ಲಿ ಒಳಗಿನ ಆಧಾರ ಮಾತ್ರ ಕಣ್ಮರೆಯಾಯಿತು, ತಿರುವುಗಳು ಅಪ್ಪಚ್ಚಿಯಾದವು. ವ್ಯಾಸವು ಸುತ್ತಲೂ 10 ಪ್ರತಿಶತ ಕುಗ್ಗಿದರೆ ಹೊಗೆಯ ದಾರಿ 19 ಪ್ರತಿಶತ ಕುಗ್ಗುತ್ತದೆ.

ಹಿಂದಿನ ಮರಳಿನ ಕೆಲಸವನ್ನೇ ಮ್ಯಾಂಡ್ರೆಲ್ ಎಂಬ ಸಾಧನವು ಲೋಹದಿಂದ ಮಾಡುತ್ತದೆ. ಸರಳಿನ ತುದಿಯಲ್ಲಿ ಕೀಲುಗೂಡಿದ ಗುಂಡುಗಳು ತಿರುವಿನೊಳಗೆ ನಿಂತು, ಡೈ ಎಂಬ ಅಚ್ಚಿನ ಸುತ್ತ ಎಳೆಯಲ್ಪಡುವ ಕೊಳವೆಯ ಗೋಡೆಯನ್ನು ಒಳಗಿನಿಂದ ಹಿಡಿದಿರುತ್ತವೆ. ಆದರೆ ಪ್ರತಿ ವ್ಯಾಸಕ್ಕೂ ಪ್ರತಿ ತಿರುವಿಗೂ ಬೇರೆಬೇರೆ ಡೈ ಬೇಕಾಗುವುದರಿಂದ, ಚಿಕ್ಕ ಅಂಗಡಿಯವರು ಸಿದ್ಧ ತಿರುವುಗಳನ್ನು ಕೊಂಡು, ಕತ್ತರಿಸಿ ಬೆಸೆಯುತ್ತಾರೆ. ಬೆಸುಗೆಯ ಕಾವಿಗೆ ಉಕ್ಕಿನ ಮೇಲಣ ಅಲ್ಯೂಮಿನಿಯಂ ಲೇಪ ಸುಟ್ಟುಹೋಗಿ ತುಕ್ಕಿಗೆ ಎಡೆಯಾಗುತ್ತದೆ. ಆದುದರಿಂದ ಬೀದಿಯ ಕಾರಿಗೆ ಆದ್ಯಂತವಾಗಿ ಮ್ಯಾಂಡ್ರೆಲ್ಲನ್ನೇ ವಿಧಿಸುವವರ ಮಾತನ್ನು ನಾನು ಒಪ್ಪಲಾರೆ. ಎಂಜಿನ್ನಿನ ಸಮೀಪದಲ್ಲಿ, ಅನಿಲವು ಅತ್ಯುಷ್ಣವಾಗಿ ಹಿಗ್ಗಿ ರಭಸದಿಂದ ಹರಿಯುವೆಡೆಯಲ್ಲಿ, ಪೂರ್ಣವೃತ್ತದ ತಿರುವಿಗೆ ವೆಚ್ಚಮಾಡುವುದು ಯೋಗ್ಯ. ಸೈಲೆನ್ಸರನ್ನು ದಾಟಿ ಅನಿಲ ತಣಿದು ಕುಗ್ಗಿದ ಮೇಲೆ, ಸಾಧಾರಣ ಶಕ್ತಿಯ ಕಾರಿಗೆ, ಆಕ್ಸಲಿನ ಮೇಲೆ ಹಾಯುವ ಒಂದೆರಡು ಒತ್ತುತಿರುವುಗಳಿಂದ ಹೇಳಿಕೊಳ್ಳುವಂತಹ ನಷ್ಟವಿಲ್ಲ.