ಇಸಿಐಎಲ್ ಬಸ್ಸು ಮತ್ತು ನಕ್ಷತ್ರಗಳ ಜನನ ಲೆಕ್ಕ

ಗಚ್ಚಿಬೌಲಿ, ಮಾಧಾಪುರದ ಕಡೆ ಕೆಲಸ ಮಾಡೋ ನಮ್ಮವರು 'ಇಸಿಐಎಲ್' ಬೋರ್ಡಿನ ಬಸ್ಸು ನೋಡೇ ಇರ್ತೀರಿ. ಆ ಇಸಿಐಎಲ್ ಹತ್ತಿರವೇ ಟಿಐಎಫ್‌ಆರ್ ಸಂಸ್ಥೆಯ ಬಲೂನ್ ಕೇಂದ್ರ ಇದೆ.

ಈ ಕತೆಯಲ್ಲಿ ನಂಜನಗೂಡಿನವರೊಬ್ಬರು ಬರ್ತಾರೆ: ಬಿ.ವಿ. ಶ್ರೀಕಂಠನ್. 1948ರಲ್ಲಿ ಟಿಐಎಫ್‌ಆರ್ ಸೇರಿದ ಅವರು ಮೊದಲು ಇಳಿದದ್ದು ಕೆಜಿಎಫ್ ಗಣಿಗೆ. ಚಿನ್ನಕ್ಕಲ್ಲ, ಕಾಸ್ಮಿಕ್ ಕಿರಣ ಅಳೆಯೋಕೆ! ಆಮೇಲೆ ಅವರ ಗಮನ ಆಕಾಶದ ಕಡೆ ತಿರುಗಿತು.

ಬಾಹ್ಯಾಕಾಶದ ಎಕ್ಸ್-ರೇ ನೆಲಕ್ಕೆ ತಲುಪೋದಿಲ್ಲ, ವಾತಾವರಣ ತಡೆಯುತ್ತೆ. 1962ರಲ್ಲಿ ಅಮೆರಿಕದ ಜಿಯಾಕೋನಿ ತಂಡ ರಾಕೆಟ್ ಹಾರಿಸಿ 'ಸ್ಕಾರ್ಪಿಯಸ್ ಎಕ್ಸ್-1' ಕಂಡುಹಿಡಿಯಿತು. 1968ರ ಏಪ್ರಿಲ್‌ನಲ್ಲಿ ಹೈದರಾಬಾದಿನಿಂದ ಬಲೂನ್ ಏರಿಸಿ ನಮ್ಮವರೂ ಅದನ್ನೇ ನೋಡಿದರು. ಹೈದರಾಬಾದೇ ಯಾಕೆ? ಭೂಕಾಂತೀಯ ಸಮಭಾಜಕಕ್ಕೆ ಹತ್ತಿರ ಇರೋದರಿಂದ ಇಲ್ಲಿ ಕಾಸ್ಮಿಕ್ ಕಿರಣಗಳ ಗಲಾಟೆ ಕಮ್ಮಿ.

ಆ ಸ್ಕಾರ್ಪಿಯಸ್ ಒಂದು ಜೋಡಿ. ನ್ಯೂಟ್ರಾನ್ ನಕ್ಷತ್ರವೊಂದು ಪಕ್ಕದ ಸಣ್ಣ ನಕ್ಷತ್ರದಿಂದ ಅನಿಲ ಎಳ್ಕೊಳ್ಳುತ್ತೆ, ಅದು ಬಿಸಿಯಾಗಿ ಎಕ್ಸ್-ರೇ ಸೂಸುತ್ತೆ. ಸಿಗ್ನಸ್ ಎಕ್ಸ್-1 ಬೇರೆ ಥರ: ಕಪ್ಪುಕುಳಿಯ ಜೊತೆಗಿರೋದು ದೈತ್ಯ ನಕ್ಷತ್ರ. ದೈತ್ಯರ ಆಯಸ್ಸು ಕೆಲವೇ ದಶಲಕ್ಷ ವರ್ಷ. ಹಾಗಾಗಿ ಒಂದು ಗ್ಯಾಲಕ್ಸಿಯಲ್ಲಿ ಎರಡನೇ ಥರದ ಜೋಡಿ ಜಾಸ್ತಿ ಇದ್ದರೆ, ಅಲ್ಲಿ ಈಗಲೂ ನಕ್ಷತ್ರ ಹುಟ್ತಿವೆ ಅಂತ ಅರ್ಥ. ಊರಲ್ಲಿ ಅಂಗನವಾಡಿ ತುಂಬಿದ್ದರೆ ಮಕ್ಕಳು ಹುಟ್ತಿದ್ದಾರೆ, ಪಿಂಚಣಿ ಸಾಲು ಉದ್ದ ಇದ್ದರೆ ಹಳಬರು ಜಾಸ್ತಿ ಅಂತ ಲೆಕ್ಕ ಹಾಕ್ತೀವಲ್ಲ, ಹಾಗೆ.

ಬಲೂನಿನಿಂದ ದೂರದ ಸಾಮಾನ್ಯ ಗ್ಯಾಲಕ್ಸಿಗಳು ಕಾಣುತ್ತಿರಲಿಲ್ಲ. ಅದಕ್ಕೆ 1999ರಲ್ಲಿ ಹಾರಿದ ಚಂದ್ರ ದೂರದರ್ಶಕ ಬೇಕಾಯ್ತು. ಹೆಸರು ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರದು. ದಕ್ಷಿಣದ ಆಕಾಶದ ಒಂದೇ ತುಣುಕನ್ನು ಅದು ಒಟ್ಟು ಸುಮಾರು 70 ಲಕ್ಷ ಸೆಕೆಂಡು, ಅಂದರೆ 80 ದಿನ ದಿಟ್ಟಿಸಿತು. ಒಂದೊಂದಾಗಿ ಕಾಣದಷ್ಟು ಮಂಕಾದ ಗ್ಯಾಲಕ್ಸಿಗಳ ಬೆಳಕನ್ನು, ಪೈಸೆಗೆ ಪೈಸೆ ಕೂಡಿಸಿದ ಹಾಗೆ, ಒಟ್ಟುಗೂಡಿಸಿ ಅಳೆದರು. ಗ್ಯಾಲಕ್ಸಿ ನಡುವಿನ ಬೃಹತ್ ಕಪ್ಪುಕುಳಿಯೂ ಎಕ್ಸ್-ರೇ ಸೂಸುತ್ತೆ, ಅದನ್ನು ಮೊದಲು ಬೇರ್ಪಡಿಸಬೇಕು. ಬೇರೆ ಬೆಳಕಿನಲ್ಲಿ ಸಿಕ್ಕ ಚಿತ್ರಕ್ಕೆ ಈ ಲೆಕ್ಕವೂ ಹೊಂದುತ್ತೆ: ಸುಮಾರು 1000 ಕೋಟಿ ವರ್ಷದ ಹಿಂದೆ ನಕ್ಷತ್ರ ಜನನ ಜೋರಾಗಿತ್ತು, ಈಗ ತುಂಬಾ ಇಳಿದಿದೆ.

2015ರಲ್ಲಿ ಇಸ್ರೋದ ಆಸ್ಟ್ರೋಸ್ಯಾಟ್ ಹಾರಿತು, ಅದರಲ್ಲಿ ಟಿಐಎಫ್‌ಆರ್ ಕಟ್ಟಿದ ಎಕ್ಸ್-ರೇ ಉಪಕರಣಗಳಿದ್ದವು. ಶ್ರೀಕಂಠನ್ ಅದನ್ನು ಕಂಡರು. 2019ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ನಾವು ದಿನಾ ಟ್ರಾಫಿಕ್ಕಿನಲ್ಲಿ ಬೈಕೊಳ್ಳೋ ಈ ಊರಿಗೆ ಒಬ್ಬ ಕನ್ನಡಿಗ ಇಂಥ ಕೆಲಸಕ್ಕೂ ಬಂದಿದ್ದರು. ಮುಂದಿನ ಕಂತಿನಲ್ಲಿ ಸಿಗೋಣ.