ಕೆಂಪು ಕೋಟು, ಖಾಕಿ ಅಂಗಿ ಮತ್ತು ನಮ್ಮ ಕೇರಿಯ ಪ್ರೇಮಕಥೆ

ಬರಹ ಸ್ವಲ್ಪ ಉದ್ದ ಐತಿ. ಪುರುಸೊತ್ತಿದ್ದಾಗ ಓದ್ರಿ, ಆದ್ರ ಪೂರ್ತಿ ಓದ್ರಿ.

ಮೊಬೈಲಿನಲ್ಲಿ ಬರುವ ಪ್ರೇಮದ ಧಾರಾವಾಹಿಗಳನ್ನು ನಮ್ಮ ಹುಡುಗಿಯರು ಬಹಳ ಓದ್ತಾರೆ. ಐರಣಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ಸಂಘಟನೆ ಕೆಲಸಕ್ಕೆ ತಿರುಗುವಾಗ ನಾನು ಅವನ್ನು ಕೇಳಿಸಿಕೊಂಡಿದ್ದೇನೆ, ಕೆಲವನ್ನು ಓದಿದ್ದೇನೆ. ನಾಯಕ ಮೇಜರ್ ಆಗಿರ್ತಾನೆ, ಇಲ್ಲಾ ಎಸ್‌ಪಿ ಆಗಿರ್ತಾನೆ. ಇಸ್ತ್ರಿ ಮಾಡಿದ ಅಂಗಿ, ಹೊಳೆಯೋ ಬೂಟು, ಕಡಿಮೆ ಮಾತು. ನಮ್ಮ ಕಾರ್ಯಕರ್ತರು ಇದನ್ನು ನೋಡಿ ನಗ್ತಾರೆ. "ಇಂಥಾದ್ದೆಲ್ಲಾ ಓದಿ ಏನ್ ಉದ್ಧಾರ" ಅಂತಾರೆ. ನಗಬ್ಯಾಡ್ರಿ. ಸಮವಸ್ತ್ರದ ಗಂಡಸಿನ ಮೇಲಿನ ಮೋಹಕ್ಕೆ ಈ ನೆಲದಲ್ಲಿ ದೊಡ್ಡ ಇತಿಹಾಸ ಇದೆ. ಆ ಇತಿಹಾಸದಲ್ಲಿ ನಾವೂ ಇದ್ದೇವೆ. ಕಥೆಯಲ್ಲಿ ಮಾತ್ರ ಇಲ್ಲ.

ಮೊದಲು ಕಲ್ಲಿನಿಂದ ಶುರು ಮಾಡೋಣ. ನಮ್ಮ ಹಾವೇರಿ ಸೀಮೆಯ ಊರೂರಲ್ಲಿ ವೀರಗಲ್ಲು ಸಿಗ್ತಾವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವಿನ ಪಟ್ಟಿಕೆಯಲ್ಲಿ ಸತ್ತ ವೀರನನ್ನು ಅಪ್ಸರೆಯರು ಎರಡೂ ಕಡೆ ಹಿಡಿದು ಮೇಲಕ್ಕೆ ಒಯ್ಯುತ್ತಿರುತ್ತಾರೆ. ಮೇಲೆ ಲಿಂಗ, ಸೂರ್ಯ, ಚಂದ್ರ. ಆ ನಡುವಿನ ಪಟ್ಟಿಕೆ ಏನು ಹೇಳ್ತದೆ ನೋಡ್ರಿ: ಆಯುಧ ಹಿಡಿದು ಸತ್ತವನಿಗೆ ದೇವಲೋಕದ ಸುಂದರಿಯರು ಒಲಿಯುತ್ತಾರೆ. ಸೈನಿಕ ನಾಯಕನ ಪ್ರೇಮಕಥೆಗೆ ಕನ್ನಡದಲ್ಲಿ ಇಷ್ಟು ಹಳೆಯ ರೂಪ ಇದೆ. ಪಕ್ಕದಲ್ಲೇ ಮಾಸ್ತಿಕಲ್ಲು ನಿಂತಿರ್ತದೆ, ಬಳೆ ತೊಟ್ಟ ಕೈ ಮೇಲೆತ್ತಿದ್ದು. ಗಂಡನಿಗೆ ಅಪ್ಸರೆ, ಹೆಂಡತಿಗೆ ಬೆಂಕಿ.

ಮದ್ದೂರು ತಾಲೂಕಿನ ಆತಕೂರಿನಲ್ಲಿ ಸಿಕ್ಕ ಹತ್ತನೇ ಶತಮಾನದ ಕಲ್ಲು ಒಂದು ನಾಯಿಯ ನೆನಪಿನದು. ಹಂದಿಯ ಜೊತೆ ಕಾದಾಡಿ ಸತ್ತ ಆ ನಾಯಿಯ ಹೆಸರು ಕಾಳಿ ಅಂತ ಇಂದಿಗೂ ನಮಗೆ ಗೊತ್ತು. ಊರ ಹೊರಗಿದ್ದು ಊರ ಗಡಿ ಕಾಯ್ದ, ತಳವಾರಿಕೆ ಮಾಡಿದ, ದನಗಳ ಹಿಂದೆ ಓಡಿದ ನಮ್ಮ ಹಿರಿಯರ ಹೆಸರು ಎಷ್ಟು ಕಲ್ಲಿನ ಮೇಲೆ ಉಳಿದಿವೆ? ನಿಮ್ಮ ಊರಿನ ಕಲ್ಲು ನೋಡಿ ನೀವೇ ಹೇಳ್ರಿ.

ಕಲ್ಲಿನ ವೀರನಿಂದ ಕೋಟು ತೊಟ್ಟ ವೀರನಿಗೆ ಬರೋಣ. ಐರಣಿಯ ಹಳೇ ಕೋಟೆ ಇರೋದು ತುಂಗಭದ್ರೆಯ ದಂಡೆಯಲ್ಲಿ. 1800ರ ಜೂನ್‌ನಲ್ಲಿ ಇದೇ ಹೊಳೆಯನ್ನು ಮೇಲುಗಡೆ ಹರಿಹರದ ಹತ್ತಿರ ದಾಟಿಕೊಂಡು ಕಂಪನಿ ದಂಡು ಈ ಸೀಮೆಗೆ ಬಂತು. ದಂಡಿನ ನಾಯಕ ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಅವನು ಬೆನ್ನಟ್ಟಿದ್ದು ಧೋಂಡಿಯ ವಾಘ್‌ನನ್ನು. ಧೋಂಡಿಯ ನಮ್ಮ ಪಕ್ಕದ ಚನ್ನಗಿರಿಯವನು. ಹೈದರನ ಸೈನ್ಯದಲ್ಲಿದ್ದವನು, ಟಿಪ್ಪುವಿನ ಸೆರೆಯಲ್ಲಿದ್ದವನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಸೆರೆಯಿಂದ ಹೊರಬಂದು ದಂಡು ಕಟ್ಟಿ, ತನ್ನನ್ನು ಎರಡು ಲೋಕದ ಒಡೆಯ ಅಂತ ಕರೆದುಕೊಂಡವನು. ರಾಣೆಬೆನ್ನೂರಿನ ಕೋಟೆಯನ್ನು ಕಂಪನಿಯವರು ಆ ಜೂನ್ ತಿಂಗಳಲ್ಲೇ ದಾಳಿ ಮಾಡಿ ಹಿಡಿದರು. ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋಣಗಲ್ಲಿನಲ್ಲಿ ವೆಲ್ಲೆಸ್ಲಿ ತಾನೇ ನಾಲ್ಕು ಕುದುರೆ ರೆಜಿಮೆಂಟಿನ ಮುಂದೆ ನಿಂತು ನುಗ್ಗಿದ. ಧೋಂಡಿಯ ಸತ್ತ.

ಈ ವೆಲ್ಲೆಸ್ಲಿಯೇ ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆದ. 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ. ಇಂಗ್ಲಿಷ್ ಪ್ರೇಮ ಕಾದಂಬರಿಯ ಒಂದು ದೊಡ್ಡ ಕವಲು ನಿಂತಿರೋದೇ ಅವನ ಕಾಲದ ಅಧಿಕಾರಿಗಳ ಮೇಲೆ. ಜಾರ್ಜೆಟ್ ಹೇಯರ್ 1937ರಲ್ಲಿ ಬರೆದ ವಾಟರ್ಲೂ ಕಾದಂಬರಿಯ ನಾಯಕ ವೆಲ್ಲಿಂಗ್ಟನ್ನನ ಆಪ್ತ ಅಧಿಕಾರಿ. ಅಂಥ ಕಥೆಗಳು ಇಂದಿಗೂ ಜಗತ್ತಿನ ತುಂಬಾ ಮಾರಾಟ ಆಗ್ತಾವೆ. ಅಂದ್ರೆ ಜಗತ್ತಿನ ಲಕ್ಷಾಂತರ ಓದುಗರು ಮೆಚ್ಚಿದ ಆ ಸಮವಸ್ತ್ರ ನಮ್ಮ ರಾಣೆಬೆನ್ನೂರಿನ ಧೂಳನ್ನೂ ಮೆತ್ತಿಕೊಂಡು ಹೋದದ್ದು.

ಅದಕ್ಕೂ ಮುಂಚೆ, 1813ರಲ್ಲಿ ಜೇನ್ ಆಸ್ಟೆನ್ ಅವರ 'ಪ್ರೈಡ್ ಅಂಡ್ ಪ್ರಿಜುಡಿಸ್' ಬಂತು. ಅದರಲ್ಲಿ ಊರಿಗೆ ಪಡೆ ಬಂದು ಇಳಿದ ಕೂಡಲೇ ಮನೆಯ ಸಣ್ಣ ಹುಡುಗಿಯರಿಗೆ ಕೆಂಪು ಕೋಟಿನ ಹುಚ್ಚು ಹಿಡೀತದೆ. ಆಸ್ಟೆನ್ ಬಹಳ ಶಾಣೇರು. ಆ ಕೋಟು ತೊಟ್ಟ ವಿಕ್‌ಹ್ಯಾಮ್ ಎಂಥ ಮೋಸಗಾರ ಅಂತ ನಿಧಾನಕ್ಕೆ ತೋರಿಸ್ತಾರೆ. ಕೋಟಿನೊಳಗಿನ ಮನುಷ್ಯನನ್ನು ನೋಡು ಅನ್ನೋದು ಆ ಕಥೆಯಲ್ಲೇ ಇತ್ತು. ಆಮೇಲೆ ಬಂದ ಬಹಳ ಕಥೆಗಳು ಕೋಟು ಇಟ್ಟುಕೊಂಡು ಆ ಮಾತು ಬಿಟ್ಟವು.

ವೆಲ್ಲೆಸ್ಲಿಯ ಜೀವನಚರಿತ್ರೆಗಳಲ್ಲಿ ಒಂದು ಪ್ರಸಂಗ ಮತ್ತೆ ಮತ್ತೆ ಬರ್ತದೆ. ಧೋಂಡಿಯ ಸತ್ತ ಮೇಲೆ ಸಾಮಾನು ಸರಂಜಾಮಿನ ನಡುವೆ ಅವನ ನಾಲ್ಕು ವರ್ಷದ ಮಗ ಸಲಾಬತ್ ಖಾನ್ ಸಿಕ್ಕ. ವೆಲ್ಲೆಸ್ಲಿ ಆ ಮಗುವನ್ನು ಸಾಕಿಸಿದ, ಭಾರತ ಬಿಡುವಾಗ ಅದರ ಪಾಲನೆಗೆ ಹಣ ಇಟ್ಟು ಹೋದ. ಅವನು ಹಾಗೆ ಮಾಡಿದ್ದು ನಿಜ. ಆದ್ರೆ ನೋಡ್ರಿ, ಪ್ರೇಮಕಥೆಯ ಸೈನಿಕ ಹುಟ್ಟೋದೇ ಹಿಂಗೆ: ಒಂದು ಕೈಯಲ್ಲಿ ಕತ್ತಿ, ಇನ್ನೊಂದು ಕೈಯಲ್ಲಿ ಮಗು. ಅಪ್ಪನನ್ನು ಕೊಂದ ದಂಡಿನ ನಾಯಕನೇ ಮಗನ ಪಾಲಿಗೆ ಕರುಣಾಳು. ಓದುವವರ ಕಣ್ಣು ಮಗುವಿನ ಮೇಲೆ ನಿಲ್ತದೆ, ಕೋಟೆಯೊಳಗೆ ಸತ್ತವರ ಮೇಲೆ ನಿಲ್ಲೋದಿಲ್ಲ.

ಇನ್ನು ಆ ದಂಡಿನ ಹಿಂದೆ ಯಾರಿದ್ದರು? ವೆಲ್ಲೆಸ್ಲಿಯ ಯುದ್ಧ ನಡೆದದ್ದು ಎತ್ತುಗಳ ಮೇಲೆ. ಅಕ್ಕಿ, ಮದ್ದುಗುಂಡು, ತೋಪು, ಎಲ್ಲವನ್ನೂ ಎಳೆದದ್ದು ಎತ್ತು. ಅವನು ಮೈಸೂರಿನ ಅಮೃತಮಹಲ್ ಎತ್ತುಗಳನ್ನು ಬಾಯ್ತುಂಬ ಹೊಗಳಿದ್ದಾನೆ. ಸಿಪಾಯಿಗಳಿಗಿಂತ ಹೆಚ್ಚು ಜನ ದಂಡಿನ ಹಿಂದೆ ನಡೀತಿದ್ದರು: ಹುಲ್ಲು ಕೊಯ್ಯುವವರು, ಡೋಲಿ ಹೊರುವವರು, ತೊಗಲಿನ ಚೀಲದಲ್ಲಿ ನೀರು ಹೊರುವವರು, ಜೀನು ಹೊಲಿಯುವವರು. ನಾಯಕನ ಅಂದ ಎಲ್ಲಿದೆ? ಬೂಟು, ಬೆಲ್ಟು, ಜೀನು, ಕತ್ತಿಯ ಒರೆ. ಎಲ್ಲಾ ಚರ್ಮ. ಆ ಚರ್ಮ ಸುಲಿದು, ಸುಣ್ಣದಲ್ಲಿ ನೆನೆಸಿ, ತಂಗಡಿ ತೊಗಟೆಯಲ್ಲಿ ಹದ ಮಾಡಿದ ಕೈ ಯಾವ ಕೇರಿಯದು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಬೂಟು ಹೊಳೀತದೆ ಅಂತ ಕಥೆ ಬರೀತದೆ. ಮಾಡಿದವನನ್ನು ಮುಟ್ಟಬಾರದು ಅಂತ ಊರು ಹೇಳ್ತಿತ್ತು.

ನಮ್ಮವರು ಬರೀ ದಂಡಿನ ಹಿಂದೆ ಇರಲಿಲ್ಲ, ದಂಡಿನ ಒಳಗೂ ಇದ್ದರು. ಮದ್ರಾಸ್ ಸೈನ್ಯದ ಸ್ಯಾಪರ್ ದಳಗಳಲ್ಲಿ ಪರಯ ಸಮುದಾಯದವರು ದೊಡ್ಡ ಸಂಖ್ಯೆಯಲ್ಲಿದ್ದರು. ಆ ದಳದ ಕೇಂದ್ರ ಇಂದಿಗೂ ಬೆಂಗಳೂರಿನ ಹಲಸೂರು ಕೆರೆ ಪಕ್ಕದಲ್ಲಿದೆ. ಬಾಂಬೆ ಸೈನ್ಯದಲ್ಲಿ ಮಹಾರರು. 1818ರ ಜನವರಿ 1ರ ಕೋರೆಗಾಂವ್ ನಿಮಗೆಲ್ಲಾ ಗೊತ್ತು. 1927ರಲ್ಲಿ ಬಾಬಾಸಾಹೇಬರು ಆ ಕಂಬದ ಮುಂದೆ ನಿಂತದ್ದೂ ಗೊತ್ತು. ಕಂಪನಿ ಸರಕಾರ ನಮ್ಮ ಪ್ರೀತಿಗೆ ಕೆಲಸ ಕೊಡಲಿಲ್ಲ, ಅದಕ್ಕೆ ಗುಂಡಿಗೆ ಎದೆ ಕೊಡುವವರು ಬೇಕಿತ್ತು. ಆದ್ರೂ ಆ ಕೋಟು ತೊಟ್ಟವನಿಗೆ ಸಂಬಳ ಬಂತು, ಪಿಂಚಣಿ ಬಂತು, ಅಕ್ಷರ ಬಂತು. ಸೈನಿಕರ ಮಕ್ಕಳಿಗೆ, ಹೆಣ್ಣುಮಕ್ಕಳಿಗೂ, ದಂಡಿನ ಶಾಲೆಯಲ್ಲಿ ಓದು ಸಿಕ್ಕಿತು. ಅಗ್ರಹಾರದ ಹೆಣ್ಣುಮಕ್ಕಳೇ ಓದದಿದ್ದ ಕಾಲದಲ್ಲಿ ನಮ್ಮ ಹೆಣ್ಣುಮಕ್ಕಳಲ್ಲಿ ಕೆಲವರು ದಂಡಿನ ಲೈನಿನಲ್ಲಿ ಕೂತು ಅಕ್ಷರ ಕಲಿತರು. ಪ್ರೇಮಕಥೆಗೆ ಓದುಗಿ ಬೇಕಲ್ಲ? ನಮ್ಮ ಮೊದಲ ಓದುಗಿಯರಲ್ಲಿ ಕೆಲವರು ಹುಟ್ಟಿದ್ದು ಅಲ್ಲಿ.

1892ರಲ್ಲಿ ಬ್ರಿಟಿಷರು ಮಹಾರರ ಭರ್ತಿ ನಿಲ್ಲಿಸಿದರು. ಯುದ್ಧವೀರ ಜನಾಂಗಗಳು ಬೇರೆ ಇದ್ದಾವೆ ಅನ್ನೋ ಸಿದ್ಧಾಂತ ಹೂಡಿದರು. ಯಾರು ವೀರ, ಯಾರು ಅಲ್ಲ ಅನ್ನೋದನ್ನ ಸರಕಾರದ ಕಾಗದ ತೀರ್ಮಾನ ಮಾಡಿತು. ಆ ಪಟ್ಟಿಯೇ ಆಮೇಲೆ ಸಿನಿಮಾಕ್ಕೂ, ಕಾದಂಬರಿಗೂ ದಾಟಿತು ಅಂತ ನನ್ನ ಅನಿಸಿಕೆ.

ಕನ್ನಡದಲ್ಲೇ ನೋಡ್ರಿ. ಮಿಲ್ಟ್ರಿ ಅಂದ್ರೆ ಕೊಡಗು. ಜನರಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಇಬ್ಬರೂ ಅಲ್ಲಿಯವರು. ಅವರ ದೊಡ್ಡತನದ ಬಗ್ಗೆ ತಕರಾರಿಲ್ಲ. 1990ರಲ್ಲಿ ಬಂದ ರಾಜೇಂದ್ರ ಸಿಂಗ್ ಬಾಬು ಅವರ 'ಮುತ್ತಿನ ಹಾರ'ದಲ್ಲಿ ವಿಷ್ಣುವರ್ಧನ್ ಕೊಡಗಿನ ಸೈನಿಕ, ಸುಹಾಸಿನಿ ನರ್ಸ್. ಅದನ್ನು ನೋಡಿ ಅತ್ತವರಲ್ಲಿ ನಾನೂ ಒಬ್ಬ. 2006ರ 'ಮುಂಗಾರು ಮಳೆ'ಯಲ್ಲೂ ನಾಯಕಿಯ ಅಪ್ಪ ಮಡಿಕೇರಿಯ ಕರ್ನಲ್ ಸುಬ್ಬಯ್ಯ. ಪೊಲೀಸರ ಕಡೆ ಬಂದರೆ 1981ರ 'ಅಂತ', ಅದು 'ಸುಧಾ'ದಲ್ಲಿ ಧಾರಾವಾಹಿಯಾಗಿ ಬಂದ ಎಚ್.ಕೆ. ಅನಂತರಾವ್ ಅವರ ಕಾದಂಬರಿ. 1988ರ 'ಸಾಂಗ್ಲಿಯಾನ'ಕ್ಕೆ ಹೆಸರು ಬಂದದ್ದು ಮಿಜೋ ಬುಡಕಟ್ಟಿನ ಐಪಿಎಸ್ ಅಧಿಕಾರಿಯಿಂದ, ತೆರೆಯ ಮೇಲೆ ನಿಂತದ್ದು ಶಂಕರ್‌ನಾಗ್. ಹೆಸರು ಬುಡಕಟ್ಟಿನದು ಇರಬಹುದು, ಮುಖ ಮಾತ್ರ ನಮಗೆ ಪರಿಚಯದ ಸ್ಟಾರ್‌ದೇ ಆಗಬೇಕಾಯ್ತು.

ಇತ್ತ 1941ರಲ್ಲಿ, ಬಾಬಾಸಾಹೇಬರು ಪಟ್ಟು ಹಿಡಿದ ಮೇಲೆ, ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಕಟ್ಟಿದ್ದು ಎಲ್ಲಿ ಗೊತ್ತೇನ್ರಿ? ನಮ್ಮ ಬೆಳಗಾವಿಯಲ್ಲಿ. ಅವರ ಟೋಪಿಯ ಮೊದಲ ಲಾಂಛನದಲ್ಲಿ ಕೋರೆಗಾಂವ್ ಕಂಬ ಇತ್ತು. ಹಾವೇರಿಯಿಂದ ಅರ್ಧ ದಿನದ ದಾರಿ. ಆ ಬೆಳಗಾವಿಯ ಸಿಪಾಯಿ, ಅವನಿಗಾಗಿ ಕಾದ ಹುಡುಗಿ, ಅವರ ಮೇಲೆ ನಾನು ಒಂದೂ ಕನ್ನಡ ಸಿನಿಮಾ ನೋಡಿಲ್ಲ, ಒಂದೂ ಕಾದಂಬರಿ ಓದಿಲ್ಲ.

ಈಗ ಮೊದಲಿನ ಪ್ರಶ್ನೆ. ಈ ನಾಯಕ ಯಾಕೆ ಇಷ್ಟ ಆಗ್ತಾನೆ? ಓದುವವರನ್ನೇ ಕೇಳಿದರೆ ಉತ್ತರ ಸರಳ. ಅವನಿಗೆ ತಿಂಗಳ ಸಂಬಳ ಇದೆ. ಕುಡಿದು ಬಂದು ಹೊಡೆಯಲ್ಲ. ಬಲ ಇದೆ, ಆದರೆ ಆ ಬಲಕ್ಕೆ ಶಿಸ್ತು ಇದೆ. ಅವನು ದೂರ ಇರ್ತಾನೆ, ಹಾಗಾಗಿ ಪತ್ರ, ಫೋನು, ಕಾಯುವಿಕೆ; ಅಂದರೆ ಮಾತು ಇದೆ. ಹೆಣ್ಣೊಬ್ಬಳು ಗಂಡಸಿನಲ್ಲಿ ಇಷ್ಟು ಬಯಸೋದು ಹುಚ್ಚಾಟವಲ್ಲ, ಅದು ಬದುಕಿನ ಬೇಡಿಕೆ. ನಮ್ಮ ಕೇರಿಯ ಹುಡುಗಿಗೆ ಇನ್ನೊಂದು ಕಾರಣ ಇದೆ, ಅದನ್ನು ಅವಳು ಬಾಯಿಬಿಟ್ಟು ಹೇಳೋದಿಲ್ಲ. ಮೇಜರ್ ಸಾಹೇಬರ ಜಾತಿಯನ್ನು ಆ ಕಥೆಗಳಲ್ಲಿ ಯಾರೂ ಕೇಳೋದಿಲ್ಲ. ಸಮವಸ್ತ್ರ ಜಾತಿಯನ್ನು ಮುಚ್ಚುತ್ತದೆ. ಮದುವೆ ಮಾತುಕತೆಯಲ್ಲಿ ಮೊದಲ ಪ್ರಶ್ನೆಯೇ ಜಾತಿ ಆಗಿರುವ ಊರಲ್ಲಿ ಕೂತು ಓದುವವಳಿಗೆ ಇದಕ್ಕಿಂತ ದೊಡ್ಡ ಕನಸು ಯಾವುದಿದೆ?

ಆದರೆ ಬಟ್ಟೆ ಎಷ್ಟು ಹೊತ್ತು ಮುಚ್ಚುತ್ತದೆ? ಬಾಬಾಸಾಹೇಬರ ತಂದೆ ರಾಮಜಿ ಸಕ್ಪಾಲ್ ಸುಬೇದಾರರು. 1901ರಲ್ಲಿ ಮಕ್ಕಳು ತಂದೆಯನ್ನು ಕಾಣಲು ರೈಲಿನಲ್ಲಿ ಹೊರಟರು. ಹೊಸ ಅಂಗಿ, ಜರಿಯ ಟೋಪಿ, ಹೊಸ ಬೂಟು. ಮಸೂರು ಸ್ಟೇಷನ್ನಿನಲ್ಲಿ ಸ್ಟೇಷನ್ ಮಾಸ್ತರ ಅವರನ್ನು ಬ್ರಾಹ್ಮಣ ಮಕ್ಕಳು ಅಂದುಕೊಂಡು ಪ್ರೀತಿಯಿಂದ ಮಾತಾಡಿಸಿದ. ಮಹಾರರು ಅಂತ ಗೊತ್ತಾದ ಕ್ಷಣ ಅವನ ಮುಖ ಬದಲಾಯ್ತು. ಗಾಡಿಯವನು ಎರಡರಷ್ಟು ಬಾಡಿಗೆ ತಗೊಂಡು, ಗಾಡಿ ಮಕ್ಕಳೇ ಹೊಡೀಲಿ, ತಾನು ಪಕ್ಕದಲ್ಲಿ ನಡೀತೀನಿ ಅಂದ. ಸುಬೇದಾರರ ಮಕ್ಕಳಿಗೆ ಕುಡಿಯಲು ನೀರು ಸಿಗಲಿಲ್ಲ.

ಖಾಕಿಗೆ ಇನ್ನೊಂದು ಮುಖವೂ ಇದೆ. ಬ್ಯಾಡಗಿ ತಾಲೂಕು ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ ದಂಡಿಯಾತ್ರೆಗೆ ಹೋದವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಅವರೂ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಅವರೂ ಸತ್ತರು. ಅವರ ಹೆಂಡತಿ ಸಿದ್ದಮ್ಮ ಬರೀ ಕಾಯುತ್ತಾ ಕೂತವರಲ್ಲ, ತಾವೇ ಸಾಬರಮತಿಗೆ ಹೋಗಿ ಜೈಲು ಕಂಡವರು. ನಮ್ಮ ಜಿಲ್ಲೆಯ ದೊಡ್ಡ ಪ್ರೇಮಕಥೆಯಲ್ಲಿ ಸಮವಸ್ತ್ರ ಇದ್ದದ್ದು ಗುಂಡು ಹೊಡೆದವರ ಮೈಮೇಲೆ. ಅಂತರ್ಜಾತಿ ಪ್ರೇಮಿಗಳು ಠಾಣೆಯ ಬೆಂಚಿನ ಮೇಲೆ ಕೂತಾಗ ಖಾಕಿ ಹೇಗೆ ಮಾತಾಡ್ತದೆ ಅನ್ನೋದು ಸಂಘಟನೆಯಲ್ಲಿ ಇರೋ ಎಲ್ಲರಿಗೂ ಗೊತ್ತು.

ಇನ್ನೂ ಒಂದು ಸಮವಸ್ತ್ರ ಇದೆ. ಬೆಳಗ್ಗೆ ಐದಕ್ಕೆ ರಾಣೆಬೆನ್ನೂರಿನ ಬೀದಿಗೆ ಇಳೀತದೆ, ಮೈಮೇಲೆ ಮಿಂಚುವ ಪಟ್ಟಿ ಇರ್ತದೆ. ಪೌರಕಾರ್ಮಿಕರದು. ಸರಕಾರ ಸೆಪ್ಟೆಂಬರ್ 23ಕ್ಕೆ ಅವರ ದಿನ ಮಾಡ್ತದೆ, ಶಾಲು ಹಾಕ್ತದೆ. ಅಲ್ಲೂ ಶಿಸ್ತು ಇದೆ, ಹಾಜರಿ ಇದೆ, ಜೀವದ ಅಪಾಯ ಇದೆ. ಮ್ಯಾನ್‌ಹೋಲಿಗೆ ಇಳಿದವರೂ ಸತ್ತಿದ್ದಾರೆ. ಆದರೆ ಆ ಅಂಗಿ ತೊಟ್ಟ ನಾಯಕನಿಗೆ ಯಾವ ಧಾರಾವಾಹಿಯಲ್ಲೂ ನಾಯಕಿ ಸಿಕ್ಕಿಲ್ಲ. ಯಾಕಂದ್ರೆ ಮೇಜರನ ಅಂಗಿ ಜಾತಿ ಮುಚ್ಚುತ್ತದೆ, ಈ ಅಂಗಿ ಜಾತಿಯನ್ನು ಊರಿಗೆಲ್ಲಾ ಸಾರುತ್ತದೆ. ಮೋಹ ಬಟ್ಟೆಯದಾಗಿದ್ದರೆ ಎರಡೂ ಬಟ್ಟೆಯೇ ಅಲ್ಲೇನ್ರಿ?

2022ರ ಅಗ್ನಿಪಥದ ನಂತರ ಮಿಲ್ಟ್ರಿ ಅಂಗಿಯೂ ನಾಲ್ಕು ವರ್ಷದ್ದಾಗಿದೆ. ನಾಲ್ಕು ವರ್ಷ ಆದ ಮೇಲೆ ನೂರಕ್ಕೆ ಇಪ್ಪತ್ತೈದರವರೆಗೆ ಮಾತ್ರ ಉಳೀತಾರೆ. ಪಿಂಚಣಿ ಇಲ್ಲದೆ ಊರಿಗೆ ವಾಪಸ್ ಬರುವ ಹುಡುಗನಿಗೆ ಹಳೇ ಕೇರಿ, ಹಳೇ ಜಾತಿ ಕಾಯ್ತಾ ಇರ್ತಾವೆ.

ಅದಕ್ಕೇ ನನ್ನದೊಂದು ಕೆಲಸದ ಮಾತು. ಐರಣಿ, ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಕಡೆಯ ಕೇರಿಗಳಲ್ಲಿ ಮಿಲ್ಟ್ರಿಗೆ, ಪೊಲೀಸಿಗೆ, ರೈಲ್ವೆಗೆ, ಮುನ್ಸಿಪಾಲ್ಟಿಗೆ ಹೋದ ಅಜ್ಜಂದಿರು ಇದ್ದಾರೆ. ಅವರ ಟ್ರಂಕಿನಲ್ಲಿ ಡಿಸ್ಚಾರ್ಜ್ ಪುಸ್ತಕ, ಪದಕ, ಹಳದಿಯಾದ ಫೋಟೋ, ಇನ್‌ಲ್ಯಾಂಡ್ ಪತ್ರ ಇರ್ತಾವೆ. ಗೆದ್ದಲು ತಿನ್ನೋಕೆ ಮುಂಚೆ ಅವನ್ನು ಫೋಟೋ ತೆಗೀರಿ. ಅಜ್ಜಿಯರನ್ನು ಕೂರಿಸಿ ಕೇಳ್ರಿ: ಅವರು ರಜೆಗೆ ಬಂದಾಗ ಏನಾಗ್ತಿತ್ತು, ಪತ್ರ ಯಾರು ಓದಿ ಹೇಳ್ತಿದ್ದರು, ಅಂಗಿ ಬಿಚ್ಚಿಟ್ಟು ಊರ ಬಾವಿಗೆ ಹೋದಾಗ ಏನಂದ್ರು. ಅದನ್ನು ಮೊಬೈಲಿನಲ್ಲಿ ಕಥೆ ಓದೋ ನಮ್ಮ ಹುಡುಗಿಯರ ಕೈಗೇ ಕೊಡ್ರಿ. ಪ್ರೇಮಕಥೆ ಹೆಂಗ ಬರೀಬೇಕು ಅನ್ನೋದು ನಮಗಿಂತ ಅವರಿಗೆ ಚೊಲೋ ಗೊತ್ತೈತಿ.

ನಿಮ್ಮ ಕೇರಿಯಲ್ಲಿ ಅಂಥ ಟ್ರಂಕು ಇದ್ದರೆ ನನಗೆ ತಿಳಿಸ್ರಿ, ನಾನು ಬಂದು ನೋಡ್ತೀನಿ.

ಜೈ ಭೀಮ್.