ಸ್ಟೀರಿಯೊ ರಿಸೀವರ್: ಚರಿತ್ರೆ

ಸ್ಟೀರಿಯೊ ರಿಸೀವರ್: ರೇಡಿಯೊ ಟ್ಯೂನರ್, ಪ್ರೀಆಂಪ್ಲಿಫೈಯರ್ ಹಾಗೂ ಎಡ-ಬಲ ಎರಡು ಚಾನೆಲ್‌ಗಳ ಪವರ್ ಆಂಪ್ಲಿಫೈಯರ್ ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿದ ಮನೆಬಳಕೆಯ ಧ್ವನಿಯಂತ್ರ. ಸ್ಪೀಕರುಗಳು ಇದರ ಭಾಗವಲ್ಲ. ಟರ್ನ್‌ಟೇಬಲ್, ಟೇಪ್ ಡೆಕ್‌ಗಳು ಹಿಂಬದಿಯ ಸಾಕೆಟ್ಟುಗಳಿಗೆ ಸೇರಿಕೊಳ್ಳುತ್ತವೆ. 1950ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ರೂಪುಗೊಂಡ ಈ ಯಂತ್ರ 1970ರ ದಶಕದಲ್ಲಿ ಜಪಾನೀ ತಯಾರಕರ ಕೈಯಲ್ಲಿ ಉಚ್ಛ್ರಾಯಕ್ಕೆ ಬಂತು. ಆ ಕಾಲದ ಮಾದರಿಗಳು ಇಂದು ಸಂಗ್ರಾಹಕರ ವಸ್ತುಗಳು. ಅವರ ನಡುವೆ ಓಡಾಡುವ ಚರಿತ್ರೆಯಲ್ಲಿ ಎರಡು ಕಡೆ ತೊಡಕಿದೆ: ಮೊದಲ ಸ್ಟೀರಿಯೊ ರಿಸೀವರ್ ಯಾವುದು ಎನ್ನುವುದು ಒಂದು, ಕ್ಯಾಟಲಾಗಿನಲ್ಲಿ ಅಚ್ಚಾದ ವ್ಯಾಟ್ ಲೆಕ್ಕವನ್ನು ಎಷ್ಟು ನಂಬಬಹುದು ಎನ್ನುವುದು ಇನ್ನೊಂದು. ಮೊದಲನೆಯದು ಹೆಮ್ಮೆಯ ಜಗಳ. ಎರಡನೆಯದು ಯಂತ್ರದ ಆಕಾರ, ತೂಕ, ಬೆಲೆಯನ್ನೇ ತೀರ್ಮಾನಿಸಿದ ಸಂಗತಿ.

ಮೊದಲಿಗನ ಪ್ರಶ್ನೆ

ಸಿಡ್ನಿ ಹಾರ್ಮನ್ ಮತ್ತು ಬರ್ನಾರ್ಡ್ ಕಾರ್ಡನ್ 1953ರಲ್ಲಿ ಕಟ್ಟಿದ ಹಾರ್ಮನ್ ಕಾರ್ಡನ್ ಕಂಪನಿ 1954ರಲ್ಲಿ ‘ಫೆಸ್ಟಿವಲ್ ಡಿ1000’ ಎಂಬ ಒಂಟಿ ಚಾನೆಲ್ಲಿನ ರಿಸೀವರನ್ನೂ 1958ರಲ್ಲಿ ‘ಫೆಸ್ಟಿವಲ್ ಟಿಎ-230’ ಎಂಬ ಸ್ಟೀರಿಯೊ ರಿಸೀವರನ್ನೂ ಹೊರತಂದಿತು. ಎರಡನೆಯದನ್ನು ಜಗತ್ತಿನ ಮೊದಲ ಸ್ಟೀರಿಯೊ ರಿಸೀವರ್ ಎಂದು ಕಂಪನಿ ಹೇಳಿಕೊಂಡಿದೆ; ಹೆಚ್ಚಿನ ಕೈಪಿಡಿಗಳು ಅದನ್ನೇ ಎತ್ತಿ ಬರೆದಿವೆ.

ಆದರೆ ಕಾಲವನ್ನು ಗಮನಿಸಬೇಕು. ಸ್ಟೀರಿಯೊ ಗ್ರಾಮಫೋನ್ ತಟ್ಟೆಗಳು ಮಾರುಕಟ್ಟೆಗೆ ಬಂದದ್ದು 1957ರ ಕೊನೆಯಿಂದ 1958ರೊಳಗೆ. ಒಂದೇ ಎಫ್‌ಎಂ ತರಂಗದಲ್ಲಿ ಎರಡೂ ಚಾನೆಲ್‌ಗಳನ್ನು ಕಳಿಸುವ ಪದ್ಧತಿ ಆಗ ಇನ್ನೂ ಬಂದಿರಲಿಲ್ಲ. ಕೆಲವು ನಿಲಯಗಳು ಒಂದು ಬದಿಯ ಧ್ವನಿಯನ್ನು ಎಎಂನಲ್ಲೂ ಇನ್ನೊಂದು ಬದಿಯದನ್ನು ಎಫ್‌ಎಂನಲ್ಲೂ ಏಕಕಾಲಕ್ಕೆ ಬಿತ್ತರಿಸುತ್ತಿದ್ದವು. ನ್ಯೂಯಾರ್ಕಿನ ಡಬ್ಲ್ಯುಕ್ಯುಎಕ್ಸ್‌ಆರ್ 1952ರಿಂದಲೇ ಇದನ್ನು ಮಾಡಿ ನೋಡಿತ್ತು. ಮನೆಯಲ್ಲಿ ಕೇಳುವವರು ಎರಡು ರೇಡಿಯೊಗಳನ್ನು ಕೋಣೆಯ ಎರಡು ಮೂಲೆಗಳಲ್ಲಿ ಇಟ್ಟುಕೊಳ್ಳುತ್ತಿದ್ದರು. 1958-60ರ ‘ಸ್ಟೀರಿಯೊ’ ರಿಸೀವರ್‌ಗಳು ಈ ಏರ್ಪಾಡನ್ನು ಒಂದೇ ಪೆಟ್ಟಿಗೆಗೆ ತಂದವು ಅಷ್ಟೆ. ಎಎಂಗೆ ಒಂದು, ಎಫ್‌ಎಂಗೆ ಒಂದು ಎಂದು ಬೇರೆಬೇರೆ ಟ್ಯೂನಿಂಗ್ ಗುಬುಟುಗಳಿರುತ್ತಿದ್ದದ್ದು ಅದಕ್ಕೇ. ಎಎಂ ಬದಿಯ ಧ್ವನಿ ಮಂಕು, ಎಫ್‌ಎಂ ಬದಿಯದು ಚುರುಕು. ಎರಡರ ನಡುವೆ ಹೊಂದಾಣಿಕೆ ಕಷ್ಟವಿತ್ತು.

ಅಮೆರಿಕದ ಫೆಡರಲ್ ಕಮ್ಯೂನಿಕೇಷನ್ಸ್ ಕಮಿಷನ್ 1961ರ ಏಪ್ರಿಲ್‌ನಲ್ಲಿ ಝೆನಿತ್ ಮತ್ತು ಜನರಲ್ ಎಲೆಕ್ಟ್ರಿಕ್ ಕಂಪನಿಗಳ ಪದ್ಧತಿಗಳನ್ನು ಆಧರಿಸಿದ ಎಫ್‌ಎಂ ಸ್ಟೀರಿಯೊವನ್ನು ಅಂಗೀಕರಿಸಿತು. ಆ ವರ್ಷದ ಜೂನ್ 1ರಂದು ಮೊದಲ ಪ್ರಸಾರಗಳು ಶುರುವಾದವು. ಈ ಪದ್ಧತಿಯಲ್ಲಿ ಎಡ-ಬಲಗಳ ಮೊತ್ತ ಮಾಮೂಲಿನಂತೆ ಹೋಗುತ್ತದೆ. ಅವುಗಳ ವ್ಯತ್ಯಾಸ 38 ಕಿಲೊಹರ್ಟ್ಸ್‌ನ ಉಪವಾಹಕದ ಮೇಲೆ ಹೋಗುತ್ತದೆ. 19 ಕಿಲೊಹರ್ಟ್ಸ್‌ನ ಸಣ್ಣ ಸಂಕೇತವೊಂದು ರಿಸೀವರಿಗೆ ದಾರಿ ತೋರಿಸುತ್ತದೆ. ಮುಂಭಾಗದ ‘ಸ್ಟೀರಿಯೊ’ ದೀಪ ಹೊತ್ತಿಕೊಳ್ಳುವುದು ಈ ಸಂಕೇತ ಸಿಕ್ಕಾಗ. ಈ ಅರ್ಥದಲ್ಲಿ ಪೂರ್ಣ ಸ್ಟೀರಿಯೊ ರಿಸೀವರ್ 1961ಕ್ಕಿಂತ ಮೊದಲು ಇರಲು ಸಾಧ್ಯವಿಲ್ಲ. ಎರಡು ಆಂಪ್ಲಿಫೈಯರ್ ಇದ್ದರೆ ಸಾಕೆನ್ನುವವರಿಗೆ 1958 ಸರಿ. ಸ್ಟೀರಿಯೊ ಪ್ರಸಾರವನ್ನು ಹಿಡಿದು ನುಡಿಸಬೇಕೆನ್ನುವವರಿಗೆ 1961. ಎರಡು ಬೇರೆ ಸಾಧನೆಗಳಿಗೆ ಒಂದೇ ಪಟ್ಟ ಕಟ್ಟಹೋದದ್ದೇ ಗೊಂದಲದ ಮೂಲ.

ಮುಂದಿನ ಕೆಲವು ವರ್ಷಗಳ ಕಥೆ ತಿಳಿದದ್ದೇ. ಫಿಶರ್ ಕಂಪನಿಯ 500-ಸಿ ಮೊದಲಾದ ವಾಲ್ವ್ ರಿಸೀವರ್‌ಗಳು ಜನಪ್ರಿಯವಾದವು. ದಶಕದ ನಡುವಿನಿಂದ ಟ್ರಾನ್ಸಿಸ್ಟರ್‌ಗಳು ವಾಲ್ವ್‌ಗಳ ಜಾಗ ಹಿಡಿದವು. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಭಾರ ಹೋಯಿತು.

ಸ್ಪೀಕರ್ ತಂದ ಹಸಿವು

ರಿಸೀವರಿಗೆ ಹೆಚ್ಚು ಶಕ್ತಿ ಬೇಕಾದದ್ದು ಏಕೆ ಎನ್ನುವುದಕ್ಕೆ ಉತ್ತರ ಸ್ಪೀಕರಿನಲ್ಲಿದೆ. ಪಾಲ್ ಕ್ಲಿಪ್ಶ್ 1940ರ ದಶಕದಲ್ಲಿ ರೂಪಿಸಿದ ‘ಕ್ಲಿಪ್ಶ್‌ಹಾರ್ನ್’ ಎಂಬ ಹಾರ್ನ್ ಸ್ಪೀಕರ್ ಮೂಲೆಯಲ್ಲಿ ನಿಲ್ಲುವ ಬೀರುವಿನಷ್ಟಿತ್ತು. ಆದರೆ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 100 ಡೆಸಿಬೆಲ್ ಮೀರಿ ಸದ್ದು ಕೊಡುತ್ತಿತ್ತು. ಸ್ಟೀರಿಯೊ ಬಂದಮೇಲೆ ಅಂಥವು ಎರಡು ಬೇಕು. ಸಾಧಾರಣ ಹಜಾರದಲ್ಲಿ ಅದಕ್ಕೆ ಜಾಗವೆಲ್ಲಿ?

ಎಡ್ಗರ್ ವಿಲ್ಚರ್ ಮತ್ತು ಹೆನ್ರಿ ಕ್ಲಾಸ್ 1954ರಲ್ಲಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಆರಂಭಿಸಿದ ಅಕೌಸ್ಟಿಕ್ ರಿಸರ್ಚ್ ಕಂಪನಿಯ ಎಆರ್-1 ಇದಕ್ಕೆ ಪರಿಹಾರ ತಂದಿತು. ಶಂಕುವಿನ ಅಂಚನ್ನು ಸಡಿಲ ಮಾಡಿ, ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿದರೆ ಒಳಗಿನ ಗಾಳಿಯೇ ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಪುಸ್ತಕದ ಕಪಾಟಿನಲ್ಲಿ ಕೂರುವ ಪೆಟ್ಟಿಗೆಯಿಂದ ಆಳವಾದ ಮಂದ್ರಸ್ವರ ಬರುತ್ತದೆ. ವಿಲ್ಚರ್‌ಗೆ ಇದರ ಪೇಟೆಂಟ್ 1956ರಲ್ಲಿ ಸಿಕ್ಕಿತು. ಆದರೆ ಆರ್‌ಸಿಎ ಕಂಪನಿಯ ಹ್ಯಾರಿ ಓಲ್ಸನ್ ಮತ್ತು ಜಾನ್ ಪ್ರೆಸ್ಟನ್ 1949ರಲ್ಲೇ ಪಡೆದಿದ್ದ ಪೇಟೆಂಟ್ ಎದುರಿಗೆ ಬಂದಾಗ ಆ ಹಕ್ಕು ನಿಲ್ಲಲಿಲ್ಲ. ಮುಚ್ಚಿದ ಪೆಟ್ಟಿಗೆ ಬೇಗನೆ ಎಲ್ಲ ತಯಾರಕರ ಸೊತ್ತಾಯಿತು. ಎಆರ್-3 1958ರಲ್ಲಿ ಬಂತು. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಕಂಪನಿ ಒಂದು ಸಂಗೀತ ಕೋಣೆಯನ್ನೇ ತೆರೆದಿತ್ತು; ಅಲ್ಲಿ ಮಾರಾಟವಿಲ್ಲ, ಹೋಗಿ ಕೂತು ಕೇಳಿ ಬರಬಹುದಿತ್ತು. ಇದೇ ಕಂಪನಿಯಲ್ಲಿ ಕೆಲಸ ಮಾಡಿದ ರಾಯ್ ಆಲಿಸನ್ 1974ರಲ್ಲಿ ಪ್ರಕಟಿಸಿದ ಪ್ರಬಂಧ, ಗೋಡೆ-ನೆಲಗಳು ಹತ್ತಿರವಿದ್ದರೆ ಸ್ಪೀಕರಿನ ಕೆಳಸ್ಥಾಯಿಯ ಶಕ್ತಿ ಹೇಗೆ ಏರುಪೇರಾಗುತ್ತದೆ ಎಂಬುದನ್ನು ಅಳತೆಯಿಂದ ತೋರಿಸಿತು. ಸ್ಪೀಕರನ್ನು ಎಲ್ಲಿಡಬೇಕು ಎಂಬ ಕೇಳುಗರ ಎಂದೂ ಮುಗಿಯದ ವಾದಕ್ಕೆ ಇದು ಗಟ್ಟಿ ಆಧಾರ.

ಮಂದ್ರಸ್ವರಕ್ಕೆ ತೆತ್ತ ಬೆಲೆ ದಕ್ಷತೆ. ಈ ಸಣ್ಣ ಪೆಟ್ಟಿಗೆಗಳಿಗೆ ಹಾರ್ನ್‌ಗಿಂತ ಹಲವು ಪಟ್ಟು ವಿದ್ಯುತ್ ಶಕ್ತಿ ಬೇಕಿತ್ತು. ಎಷ್ಟು ವ್ಯಾಟ್ ಎಂಬ ಪ್ರಶ್ನೆ ಅಂಗಡಿಯ ಕಟ್ಟೆಯ ಮೇಲೆ ಬಂದದ್ದು ಹೀಗೆ.

ವ್ಯಾಟ್ ಜಗಳ ಮತ್ತು 1974ರ ನಿಯಮ

1960ರ ದಶಕದ ಜಾಹೀರಾತುಗಳಲ್ಲಿ ವ್ಯಾಟ್‌ಗೆ ಒಂದೇ ಅರ್ಥವಿರಲಿಲ್ಲ. ಕ್ಷಣಮಾತ್ರ ಬರುವ ಶಿಖರವನ್ನು ಲೆಕ್ಕಕ್ಕೆ ಹಿಡಿಯುವುದು, ಎರಡೂ ಚಾನೆಲ್‌ಗಳನ್ನು ಕೂಡಿಸಿ ಬರೆಯುವುದು, ವಿದ್ಯುತ್ ಪೂರೈಕೆ ಕುಸಿಯುವ ಮೊದಲೇ ಅಳೆದು ‘ಮ್ಯೂಸಿಕ್ ಪವರ್’ ಎನ್ನುವುದು, ಕೊನೆಗೆ ‘ಒಂದು ಡೆಸಿಬೆಲ್ ಆಚೀಚೆ’ ಎಂಬ ಅಡಿಟಿಪ್ಪಣಿ ಸೇರಿಸಿ ಇನ್ನಷ್ಟು ಹಿಗ್ಗಿಸುವುದು ಎಲ್ಲ ನಡೆದಿತ್ತು. ಎರಡೂ ಚಾನೆಲ್ ಒಟ್ಟಿಗೆ ದುಡಿದರೆ ತಲಾ 20 ವ್ಯಾಟ್ ಕೊಡುವ ಯಂತ್ರಕ್ಕೆ ನೂರರ ಚೀಟಿ ಅಂಟಿಸಲು ಕಷ್ಟವಿರಲಿಲ್ಲ. ಹೀಗಾಗಿ 1974ಕ್ಕೆ ಮುಂಚಿನ ಕ್ಯಾಟಲಾಗ್ ಅಂಕಿಗಳನ್ನು ನಂತರದವುಗಳ ಪಕ್ಕದಲ್ಲಿಟ್ಟು ಹೋಲಿಸುವುದು ತಪ್ಪು. ಸಂಗ್ರಾಹಕರ ಪಟ್ಟಿಗಳಲ್ಲಿ ಈ ತಪ್ಪು ಈಗಲೂ ಸಾಮಾನ್ಯ.

ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ರೂಪಿಸಿದ ನಿಯಮ 1974ರ ನವೆಂಬರ್ 4ರಿಂದ ಜಾರಿಗೆ ಬಂತು. ಮನೆಬಳಕೆಯ ಆಂಪ್ಲಿಫೈಯರಿನ ಶಕ್ತಿಯನ್ನು ಹೇಳುವುದಾದರೆ ಚಾನೆಲ್ ಒಂದಕ್ಕೆ ನಿರಂತರವಾಗಿ ಸಿಗುವ ಸರಾಸರಿಯನ್ನೇ ಹೇಳಬೇಕಿತ್ತು. ಎಷ್ಟು ಓಮ್‌ಗೆ, ಯಾವ ಆವರ್ತನದಿಂದ ಯಾವುದರವರೆಗೆ, ಎಷ್ಟು ವಿಕೃತಿಯೊಳಗೆ ಎಂಬುದೂ ಜೊತೆಗಿರಬೇಕಿತ್ತು. ಅಳೆಯುವಾಗ ಎರಡೂ ಚಾನೆಲ್‌ಗಳು ಪೂರ್ತಿ ದುಡಿಯುತ್ತಿರಬೇಕಿತ್ತು.

ಇಷ್ಟು ಎಲ್ಲ ಕೈಪಿಡಿಗಳಲ್ಲೂ ಸಿಗುತ್ತದೆ. ಕಡಿಮೆ ಚರ್ಚೆಗೆ ಬಂದದ್ದು ಅಳತೆಗೆ ಮುಂಚಿನ ಷರತ್ತು: 25 ಡಿಗ್ರಿ ಸೆಲ್ಸಿಯಸ್‌ಗೆ ಕಡಿಮೆಯಿಲ್ಲದ ನಿಶ್ಚಲ ಗಾಳಿಯಲ್ಲಿ ಯಂತ್ರವನ್ನು ಹೇಳಿದ ಶಕ್ತಿಯ ಮೂರನೇ ಒಂದು ಭಾಗದಲ್ಲಿ ಒಂದು ಗಂಟೆ ಓಡಿಸಬೇಕಿತ್ತು. ಮೂರನೇ ಒಂದು ಭಾಗವೆಂದರೆ ಸುಲಭದ ಪರೀಕ್ಷೆ ಎನಿಸಬಹುದು. ನಿಜ ಅದಲ್ಲ. ಕ್ಲಾಸ್-ಬಿ ಬಗೆಯ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಅತಿ ಹೆಚ್ಚು ಬಿಸಿಯಾಗುವುದು ಪೂರ್ಣ ಶಕ್ತಿಯಲ್ಲಲ್ಲ, ಅದರ ಶೇ. 40ರ ಆಸುಪಾಸಿನಲ್ಲಿ. ಹಾಡು ಕೇಳುವಾಗ ಯಾರ ಮನೆಯಲ್ಲೂ ಅಷ್ಟು ಹೊತ್ತು ಆ ಮಟ್ಟ ನಿಲ್ಲದು. ನಿಯಮ ಹೆಚ್ಚುಕಡಿಮೆ ಅತ್ಯಂತ ಬಿಸಿಯ ಜಾಗವನ್ನೇ ಆರಿಸಿತ್ತು. ಪಾಸಾಗಬೇಕಾದರೆ ಹೇಳುವ ವ್ಯಾಟ್ ಇಳಿಸಬೇಕಿತ್ತು, ಇಲ್ಲವೇ ಅಲ್ಯುಮಿನಿಯಂ ಹೀಟ್‌ಸಿಂಕ್ ಮತ್ತು ಟ್ರಾನ್ಸ್‌ಫಾರ್ಮರ್‌ಗಳನ್ನು ಹಿಗ್ಗಿಸಬೇಕಿತ್ತು. ಎಪ್ಪತ್ತರ ದಶಕದ ಕೊನೆಯ ರಿಸೀವರ್‌ಗಳ ದೈತ್ಯಗಾತ್ರವನ್ನು ಎಂಜಿನಿಯರುಗಳ ಉದಾರತೆಗೆ ಮಾತ್ರ ಸಲ್ಲಿಸುವ ವಾಡಿಕೆ ಸರಿಯಲ್ಲ; ಒಂದು ಪಾಲು ಈ ಒಂದು ಗಂಟೆಗೆ ಸಲ್ಲಬೇಕು.

ಸುಳ್ಳಿನ ದಾರಿ ಮುಚ್ಚಿದ ಮೇಲೆ ಪೈಪೋಟಿ ನಿಜವಾದ ವ್ಯಾಟ್‌ಗೆ ತಿರುಗಿತು. ಹಿನ್ನೆಲೆ ಮೊದಲೇ ಸಿದ್ಧವಿತ್ತು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಏಷ್ಯಾದ ಸೇನಾ ಅಂಗಡಿಗಳಲ್ಲಿ ಪಯೋನಿಯರ್, ಸಾನ್‌ಸುಯಿ, ಅಕಾಯ್ ಯಂತ್ರಗಳನ್ನು ಅಗ್ಗಕ್ಕೆ ಕೊಂಡ ಅಮೆರಿಕನ್ ಸೈನಿಕರು ಅವುಗಳ ಹೆಸರನ್ನು ಊರಿಗೆ ಒಯ್ದಿದ್ದರು. ಅಮೆರಿಕದ ಮರಾಂಟ್ಜ್ ಕಂಪನಿಯನ್ನು 1964ರಲ್ಲಿ ಕೊಂಡ ಸೂಪರ್‌ಸ್ಕೋಪ್ ತಯಾರಿಕೆಯನ್ನು ಕ್ರಮೇಣ ಜಪಾನಿಗೆ ಸಾಗಿಸಿತ್ತು. ಪಯೋನಿಯರ್ ಎಸ್‌ಎಕ್ಸ್-1250 1976ರಲ್ಲಿ ಚಾನೆಲ್ಲಿಗೆ 160 ವ್ಯಾಟ್ ಎಂದಿತು. ಮರಾಂಟ್ಜ್ 2500 ಮರುವರ್ಷ 250 ಎಂದಿತು. 1978ರಲ್ಲಿ ಪಯೋನಿಯರ್ ಎಸ್‌ಎಕ್ಸ್-1980 270ಕ್ಕೂ ಮರಾಂಟ್ಜ್ 2600 300ಕ್ಕೂ ಏರಿದವು. ಟೆಕ್ನಿಕ್ಸ್ ಎಸ್‌ಎ-1000 330 ಮುಟ್ಟಿತು. ಎಸ್‌ಎಕ್ಸ್-1980 ಸುಮಾರು 35 ಕಿಲೊ ತೂಗುತ್ತದೆ, ಇಬ್ಬರು ಹಿಡಿದೇ ಎತ್ತಬೇಕು. ಮರಾಂಟ್ಜ್‌ನ ಮೇಲ್ಮಾದರಿಗಳ ಮುಂಭಾಗದಲ್ಲಿ ಚಿಕ್ಕ ಆಸಿಲೊಸ್ಕೋಪ್ ಪರದೆಯೇ ಇತ್ತು; ಕಟ್ಟಡಗಳಿಗೆ ತಾಗಿ ಪ್ರತಿಫಲಿಸಿ ಬರುವ ಎಫ್‌ಎಂ ಸಂಕೇತವನ್ನು ಅದರಲ್ಲಿ ನೋಡಿಕೊಂಡು ಆಂಟೆನಾ ತಿರುಗಿಸಬಹುದಿತ್ತು.

ಕಿವಿಗೆ ಇದರಿಂದ ಆದ ಲಾಭ ಅಲ್ಪ. ಶಕ್ತಿ ಇಮ್ಮಡಿಯಾದರೆ ಸದ್ದು ಏರುವುದು 3 ಡೆಸಿಬೆಲ್. ಸದ್ದು ಇಮ್ಮಡಿಯಾಯಿತು ಎನಿಸಲು ಸುಮಾರು ಹತ್ತು ಪಟ್ಟು ಶಕ್ತಿ ಬೇಕು. 160ರಿಂದ 270 ವ್ಯಾಟ್‌ವರೆಗಿನ ಎರಡು ವರ್ಷಗಳ ಮಹಾಸ್ಪರ್ಧೆಯ ಫಲ 2.3 ಡೆಸಿಬೆಲ್.

ಇಳಿತ

ಇಳಿಗಾಲಕ್ಕೆ ಸಂಗ್ರಾಹಕರು ಕೊಡುವ ಕಾರಣ ತಯಾರಕರ ಜಿಪುಣತನ. ಲೆಕ್ಕ ಅಷ್ಟು ಸರಳವಲ್ಲ. 1971ರವರೆಗೆ ಡಾಲರಿಗೆ 360 ಯೆನ್ ಎಂದು ಕಟ್ಟಿದ್ದ ದರ 1978ರಲ್ಲಿ 200ಕ್ಕಿಂತ ಕೆಳಗೆ ಬಂತು. ತೂಕದ ಯಂತ್ರವನ್ನು ಜಪಾನಿನಲ್ಲಿ ಮಾಡಿ ಅಮೆರಿಕದಲ್ಲಿ ಮಾರುವುದು ದುಬಾರಿಯಾಯಿತು. ಕೊಳ್ಳುವವರ ಹಣ ವಿಡಿಯೊ ಕಡೆ ಹರಿಯಿತು. 1982ರಲ್ಲಿ ಸಿಡಿ ಬಂತು; ಮುಂದೆ ಡಾಲ್ಬಿ ಸರೌಂಡ್ ಸೇರಿ ರಿಸೀವರ್ ಟಿವಿಯ ಪರಿಕರವಾಯಿತು. ಮರದ ಕವಚ, ಬೆಳ್ಳಿಬಣ್ಣದ ಮುಖ ಹೋಗಿ ಕಪ್ಪು ಡಬ್ಬಿ ಬಂತು.

ಭಾರತದಲ್ಲಿ

ಆಮದು ನಿರ್ಬಂಧದ ದಿನಗಳಲ್ಲಿ ಇಂಥ ರಿಸೀವರ್‌ಗಳು ಇಲ್ಲಿಗೆ ಬಂದದ್ದು ಬಹುಮಟ್ಟಿಗೆ ವಿದೇಶದಿಂದ ಮರಳಿದವರ ಸಾಮಾನಿನೊಂದಿಗೆ. ಬೆಂಗಳೂರಿನ ಬಿಇಎಲ್ 1961ರಲ್ಲಿ ವಾಲ್ವ್‌ಗಳನ್ನೂ 1962ರಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳನ್ನೂ ತಯಾರಿಸತೊಡಗಿದರೂ ಅವುಗಳ ಗ್ರಾಹಕ ಮುಖ್ಯವಾಗಿ ರೇಡಿಯೊ. ಬಂದ ಯಂತ್ರದ ಎಫ್‌ಎಂ ಟ್ಯೂನರಿಗೆ ಇಲ್ಲಿ ಬಹುಕಾಲ ಕೆಲಸವಿರಲಿಲ್ಲ. ಆಕಾಶವಾಣಿಯ ಎಫ್‌ಎಂ ಪ್ರಸಾರ 1977ರಲ್ಲಿ ಮದರಾಸಿನಲ್ಲಿ ಶುರುವಾಯಿತು. ಖಾಸಗಿ ಎಫ್‌ಎಂ 2001ರಲ್ಲಿ ಬೆಂಗಳೂರಿನಿಂದ ಆರಂಭವಾಯಿತು. ಅಮೆರಿಕದ ಮಾದರಿಗಳಿಗೆ ಇನ್ನೊಂದು ತೊಡಕು: ಅಲ್ಲಿನ ಎಫ್‌ಎಂನ ಡೀ-ಎಂಫಸಿಸ್ (ಪ್ರಸಾರದಲ್ಲಿ ಹೆಚ್ಚಿಸಿ ಕಳಿಸಿದ ಮೇಲ್ಸ್ಥಾಯಿಯನ್ನು ತಗ್ಗಿಸುವ ಏರ್ಪಾಡು) 75 ಮೈಕ್ರೊಸೆಕೆಂಡ್, ಇಲ್ಲಿನದು 50. ಬದಲಾಯಿಸದಿದ್ದರೆ ಮೇಲ್ಸ್ಥಾಯಿ ಮಂಕಾಗಿ ಕೇಳುತ್ತದೆ.

ವ್ಯಾಟ್ ಹಿಗ್ಗಿಸುವ ಹಳೆಯ ಚಾಳಿ ಇಲ್ಲಿ ಬೇರೆ ವೇಷದಲ್ಲಿ ಬಂತು. 1990ರ ದಶಕದ ಟೂ-ಇನ್-ಒನ್‌ಗಳ ಮೇಲಿನ ಸಾವಿರ ವ್ಯಾಟ್ ‘ಪಿಎಂಪಿಒ’ (ಪೀಕ್ ಮ್ಯೂಸಿಕ್ ಪವರ್ ಔಟ್‌ಪುಟ್) ಚೀಟಿಗಳಿಗೆ ಯಾವ ಅಳತೆಯ ಆಧಾರವೂ ಇರಲಿಲ್ಲ.

ದುರಸ್ತಿ

ಐವತ್ತು ವರ್ಷದ ರಿಸೀವರನ್ನು ಅನುಭವಿ ಮೆಕ್ಯಾನಿಕ್ ನೇರವಾಗಿ ಪ್ಲಗ್ಗಿಗೆ ಹಾಕುವುದಿಲ್ಲ. ವಿದ್ಯುತ್ ದಾರಿಯಲ್ಲಿ 100 ವ್ಯಾಟಿನ ಸಾದಾ ಬಲ್ಬನ್ನು ಸೀರೀಸಿನಲ್ಲಿ ಕಟ್ಟಿಕೊಳ್ಳುತ್ತಾರೆ. ಸ್ವಿಚ್ ಹಾಕಿದಾಗ ಬಲ್ಬ್ ಝಗ್ಗೆಂದು ಉರಿದು ಮಂಕಾದರೆ ಕೆಪಾಸಿಟರ್‌ಗಳು ತುಂಬಿಕೊಂಡವು ಎಂದರ್ಥ. ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಆಗಿದೆ, ಅಷ್ಟಕ್ಕೇ ನಿಲ್ಲಿಸಬೇಕು. ಒಣಗಿದ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ಮೊದಲು ಹೋಗುತ್ತವೆ. ಚಟಪಟ ಸದ್ದಿಗೆ 2ಎಸ್‌ಎ726ರಂಥ ಹಳೆಯ ಟ್ರಾನ್ಸಿಸ್ಟರ್‌ಗಳು ಹೆಸರಾಗಿವೆ. ಆ ಕಾಲದ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳ ಹೆಸರಿನಲ್ಲಿ ನಕಲಿ ಮಾಲು ಬಹಳ. ಅಸಲು ಭಾಗಗಳನ್ನೇ ಉಳಿಸಬೇಕೆ, ಹೊಸದನ್ನು ಹಾಕಬೇಕೆ ಎಂಬುದರಲ್ಲಿ ಸಂಗ್ರಾಹಕರು ಎರಡು ಪಂಗಡ.

ನಿಯಮದ ಮುಂದಿನ ಗತಿ

1974ರ ನಿಯಮ ಸಡಿಲವಾಗುತ್ತ, ಬಿಗಿಯಾಗುತ್ತ ಬಂದಿದೆ. 2000ದ ಡಿಸೆಂಬರ್‌ನ ತಿದ್ದುಪಡಿ ಒಂದು ಗಂಟೆಯ ಪೂರ್ವಪರೀಕ್ಷೆಯ ಮಟ್ಟವನ್ನು ಮೂರನೇ ಒಂದರಿಂದ ಎಂಟನೇ ಒಂದು ಭಾಗಕ್ಕೆ ಇಳಿಸಿತು. ಜಾಹೀರಾತಿನಲ್ಲಿ ವಿಕೃತಿಯ ಮಿತಿ, ಆವರ್ತನ ವ್ಯಾಪ್ತಿಗಳನ್ನು ಹೇಳುವ ಕಡ್ಡಾಯವನ್ನೂ ತೆಗೆಯಿತು. ಐದು, ಏಳು ಚಾನೆಲ್‌ಗಳ ಹೋಮ್ ಥಿಯೇಟರ್ ಯಂತ್ರಗಳು ಬಂದಮೇಲೆ ಎಷ್ಟು ಚಾನೆಲ್ ಒಟ್ಟಿಗೆ ದುಡಿಯುವಾಗ ಅಳೆಯಬೇಕು ಎಂಬ ಹೊಸ ವಿವಾದ ಹುಟ್ಟಿತು. 2024ರಲ್ಲಿ ಟ್ರೇಡ್ ಕಮಿಷನ್ ನಿಯಮವನ್ನು ಮತ್ತೆ ತಿದ್ದಿ, 8 ಓಮ್, 20 ಹರ್ಟ್ಸ್‌ನಿಂದ 20 ಕಿಲೊಹರ್ಟ್ಸ್, ಶೇ. 1ಕ್ಕಿಂತ ಕಡಿಮೆ ವಿಕೃತಿ ಎಂಬ ಏಕರೂಪದ ಷರತ್ತುಗಳನ್ನು ಗೊತ್ತುಮಾಡಿತು.